ಸಕಲೇಶಪುರದಲ್ಲಿ ಕೂತು ಹೇಡನ್ ಬಂಟನ್‌ನ ಜಾಡು ಹಿಡಿಯೋದು ಹೇಗೆ?

ಮೆಲ್ಬರ್ನ್‌ನಲ್ಲಿರುವ ಮೊಮ್ಮಗ ಫೋನ್ ಮಾಡಿದ್ದ. ಹಳ್ಳಿ ಕಡೆಯಿಂದ ಬಂದ ಹಳೇ ಫುಟ್ಬಾಲ್ ಆಟಗಾರನ ಬಗ್ಗೆ ಶಾಲೆಗೆ ಬರೆದುಕೊಂಡು ಹೋಗಬೇಕಂತೆ. ನಾವು ನೋಡೋ ಫುಟ್ಬಾಲ್ ಅಲ್ಲ, 'ಆಸ್ಟ್ರೇಲಿಯನ್ ರೂಲ್ಸ್' ಅನ್ನೋ ಅಲ್ಲಿನದೇ ಬೇರೆ ಆಟ. 'ತಾತ, ನೀವು ಪಿಟಿ ಮೇಷ್ಟ್ರಲ್ವಾ, ಹೇಳಿಕೊಡಿ' ಅಂದ. ನಾನು ಕಲಿಸಿದ್ದು ಕಬಡ್ಡಿ, ವಾಲಿಬಾಲ್. ಆದರೂ ಆ ಮಳೆಗಾಲ ಪೂರ್ತಿ ಇದನ್ನೇ ಹಿಡಿದು ಕೂತೆ. ಆರಿಸಿದ್ದು ಹೇಡನ್ ಬಂಟನ್ ಎಂಬುವನನ್ನು. ಹೆಸರು ಕೇಳಿ ನಮ್ಮನೆಯವಳು 'ಮಂಗಳೂರು ಕಡೆಯವನಾ?' ಅಂದಳು.

ಮೊದಲು ಸ್ಕೋರ್ ಓದೋದು ಕಲಿಯಿರಿ. 14.9 (93) ಅಂತ ಕಂಡರೆ ಅದು ಓವರ್ ಲೆಕ್ಕ ಅಲ್ಲ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಪಕ್ಕದ ಗಿಡ್ಡ ಕಂಬದ ಒಳಗೆ ಹೋದರೆ 'ಬಿಹೈಂಡ್', 1 ಅಂಕ. ಹದಿನಾಲ್ಕು ಆರ್ಲ 84, ಮೇಲೆ 9. ಅಷ್ಟೇ.

ಆಮೇಲೆ 'ಟ್ರೋವ್' ತೆರೆಯಿರಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ್ದು. ಹಳೇ ಪತ್ರಿಕೆಗಳೆಲ್ಲ ಪುಕ್ಕಟೆ ಸಿಗುತ್ತವೆ. ಇಲ್ಲೇ ನಾನು ಎಡವಿದ್ದು. ಆಟ ಮೆಲ್ಬರ್ನ್‌ನದು ಅಂತ ವಿಕ್ಟೋರಿಯಾ ರಾಜ್ಯ ಮಾತ್ರ ಆರಿಸಿಕೊಂಡು ಹುಡುಕಿದೆ. ಬಂಟನ್ ಹುಟ್ಟಿದ್ದು 1911ರಲ್ಲಿ ಆಲ್ಬರಿಯಲ್ಲಿ. ಆ ಊರು ಮರ್ರೆ ನದಿಯ ಆಚೆ ದಡ, ನ್ಯೂ ಸೌತ್ ವೇಲ್ಸ್‌ಗೆ ಸೇರಿದ್ದು. ಹೊಳೆ ದಾಟಿದರೆ ರಾಜ್ಯವೇ ಬೇರೆ! ಎರಡೂ ರಾಜ್ಯ ಆರಿಸಿ, ಊರಿನ ಪತ್ರಿಕೆಯಿಂದ ಶುರು ಮಾಡಿ.

ಹಳೇ ವರದಿಗಳಲ್ಲಿ ಜಾಸ್ತಿ ಕಾಣೋದು ಮನೆಹೆಸರು ಮಾತ್ರ. 'ಬಂಟನ್ ಚೆನ್ನಾಗಿ ಆಡಿದ' ಅಂದರೆ ಯಾವ ಬಂಟನ್? ಅಣ್ಣ ಕ್ಲೀವರ್ ಕೂಡ ಆಡಿದವನೇ. ಮುಂದೆ ಆಲ್ಬರಿಯ ಮೇಯರ್ ಆದ, 1975ರಲ್ಲಿ ಸೆನೆಟರ್ ಕೂಡ. ಇನ್ನು ಮಗನಿಗೂ ಅಪ್ಪನ ಹೆಸರೇ, ಅವನೂ ಆಟಗಾರ. ವರ್ಷ ನೋಡದೆ ಒಂದು ಸಾಲನ್ನೂ ಬರೆದುಕೊಳ್ಳಬೇಡಿ. ಕಂಪ್ಯೂಟರ್ ಓದಿದ ಅಕ್ಷರಗಳಲ್ಲೂ ತಪ್ಪಿರುತ್ತೆ, ಪಕ್ಕದಲ್ಲಿರುವ ಪುಟದ ಚಿತ್ರವನ್ನೇ ನಂಬಿ. ತಪ್ಪು ಕಂಡರೆ ನೀವೇ ತಿದ್ದಬಹುದು. ನನಗಂತೂ ಉತ್ತರಪತ್ರಿಕೆ ತಿದ್ದಿದಷ್ಟೇ ಖುಷಿ.

ಈಗ ಒಂದು ನೋಟ್‌ಬುಕ್ಕಿನಲ್ಲಿ ವರ್ಷಕ್ಕೊಂದು ಸಾಲು ಎಳೆಯಿರಿ. ಖಾಲಿ ಬಿದ್ದ ಸಾಲನ್ನು ಊಹೆಯಿಂದ ತುಂಬಬೇಡಿ. 1930ರ ಮುಂದೆ ನಾನು ಸುಮ್ನೆ 'ಗಾಯ' ಅಂತ ಬರೆದಿದ್ದೆ. ನಿಜ ಏನೆಂದರೆ, ಮೆಲ್ಬರ್ನ್‌ನ ಫಿಟ್ಜ್‌ರಾಯ್ ಕ್ಲಬ್ಬು ಅವನನ್ನು ಸೆಳೆಯಲು ನಿಯಮ ಮೀರಿ ಹಣ ಕೊಡಲು ಹೋಗಿತ್ತು. ಅದಕ್ಕೇ ಅಲ್ಲಿನ ಪಂದ್ಯಾವಳಿ ನಡೆಸುವ ವಿಕ್ಟೋರಿಯಾ ಲೀಗ್‌ನವರು ಆ ವರ್ಷ ಅವನಿಗೆ ಆಡಲು ಪರವಾನಗಿ ಕೊಡಲಿಲ್ಲ. ಮೊಮ್ಮಗನಿಗೆ ರಾತ್ರಿಯೇ ಫೋನ್ ಮಾಡಿ 'ಗಾಯ ಹೊಡೆದುಹಾಕಪ್ಪ' ಅಂದೆ.

1931ರಲ್ಲಿ ಅಂತೂ ಮೈದಾನಕ್ಕೆ ಇಳಿದ. ಮೊದಲ ವರ್ಷವೇ ಬ್ರೌನ್‌ಲೋ ಪದಕ, ಅಂದರೆ ಆ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರನ ಪದಕ! ಇದು ಅಂಪೈರ್‌ಗಳ ಮತದಿಂದ ಸಿಗೋದು. ಅದೇ ವರ್ಷದಿಂದ ಪ್ರತಿ ಪಂದ್ಯಕ್ಕೆ ಮೂವರಿಗೆ 3, 2, 1 ಅಂತ ಮತ ಹಾಕುವ ಪದ್ಧತಿ ಬಂತು. 1932, 1935ರಲ್ಲೂ ಅವನಿಗೇ ಪದಕ. ಇಷ್ಟಾಗಿಯೂ ಫಿಟ್ಜ್‌ರಾಯ್‌ಗೆ ಒಂದು ಫೈನಲ್ಸ್ ಪಂದ್ಯವನ್ನೂ ಆಡಲಿಲ್ಲ. ತಂಡವೇ ಅಲ್ಲಿಗೆ ತಲುಪಲಿಲ್ಲ ಪಾಪ.

ಮೆಲ್ಬರ್ನ್ ಪತ್ರಿಕೆಗಳಲ್ಲಿ ಹೆಸರು ಕಡಿಮೆಯಾದ ಕೂಡಲೇ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಹುಡುಕಾಟಕ್ಕೆ ಪಶ್ಚಿಮ ಆಸ್ಟ್ರೇಲಿಯಾವನ್ನೂ ಸೇರಿಸಿ. 1938ರಲ್ಲಿ ಅವನು ಸುಬಿಯಾಕೊ ಕ್ಲಬ್ಬಿನಲ್ಲಿ ಸಿಗುತ್ತಾನೆ. ಅಲ್ಲಿನ ದೊಡ್ಡ ಪದಕ ಸ್ಯಾಂಡೋವರ್. 1938, 1939, 1941, ಮೂರು ಸಲ ಗೆದ್ದ. ಆ ಮೂರು ಸಾಲು ಬರೆದು ಮುಗಿಸುವಷ್ಟರಲ್ಲಿ ಕರೆಂಟ್ ಹೋಯಿತು.