ಡಿಸಿಯಿಂದ ಡಿಸಿಸಿಗೆ: ಮಾಡೆಲ್ ರೈಲು ಓಡದಿದ್ದಾಗ ಎಲ್ಲಿ ಹುಡುಕಬೇಕು

ಮಾಡೆಲ್ ರೈಲನ್ನು ಹಳೆಯ ಅನಲಾಗ್ ಪದ್ಧತಿಯಿಂದ (ಡಿಸಿ, ಅಂದರೆ ನೇರ ಕರೆಂಟ್) ಡಿಜಿಟಲ್ ಪದ್ಧತಿಗೆ (ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್) ಬದಲಿಸಲು ಡಿಜಿಟಲ್ ಕಂಟ್ರೋಲರ್ ತಂದು ಜೋಡಿಸಿದ್ದೀರಿ. ಎಂಜಿನ್ನಿಗೆ ಡಿಕೋಡರ್, ಅಂದರೆ ಕಂಟ್ರೋಲರಿನ ಆದೇಶ ಓದುವ ಪುಟ್ಟ ಸರ್ಕ್ಯೂಟ್, ಹಾಕಿದ್ದೀರಿ. ಆದರೂ ರೈಲು ಅಲ್ಲಾಡುವುದಿಲ್ಲ. ಇಲ್ಲವೇ ಎರಡಡಿ ಓಡಿ ನಿಂತುಬಿಡುತ್ತದೆ, ಪವರ್ ಹಾಕಿದ ಕೂಡಲೇ ಟ್ರಿಪ್ ಆಗುತ್ತದೆ, ಅಂದರೆ ಕರೆಂಟ್ ತಾನಾಗಿ ಕಡಿದುಹೋಗುತ್ತದೆ. ಆಗ ಎಲ್ಲರಿಗೂ ಮೊದಲು ಅನುಮಾನ ಬರುವುದು ಹೊಸ ಸಾಮಾನಿನ ಮೇಲೆ. ನಾನು ನೋಡಿದ ಮಟ್ಟಿಗೆ ತೊಂದರೆ ಜಾಸ್ತಿ ಇರುವುದು ಹಳೆಯದರಲ್ಲಿ. ಅನಲಾಗ್ ಕಾಲದಲ್ಲಿ ಹಾಕಿಟ್ಟ ಒಂದು ಕೆಪಾಸಿಟರ್, ಮರೆತುಹೋದ ಒಂದು ಸ್ವಿಚ್, ಎಂಜಿನ್ನಿನ ಲೋಹದ ಚಾಸಿಗೆ ತಾಗಿಕೊಂಡ ಒಂದು ಬ್ರಷ್ (ಮೋಟಾರಿನೊಳಕ್ಕೆ ಕರೆಂಟ್ ಮುಟ್ಟಿಸುವ ತುಂಡು). ಆಗ ಇವುಗಳಿಂದ ತೊಂದರೆ ಇರಲಿಲ್ಲ, ಈಗ ಇದೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಫಾಲ್ಟ್ ಹುಡುಕುವ ಕೆಲಸ ಮಾಡಿದವನು. ಲೈನನ್ನು ಮಧ್ಯದಲ್ಲಿ ಬೇರೆ ಮಾಡು, ತೊಂದರೆ ಯಾವ ಅರ್ಧದಲ್ಲಿದೆ ನೋಡು, ಆ ಅರ್ಧವನ್ನು ಮತ್ತೆ ಬೇರೆ ಮಾಡು. ಅಲ್ಲಿ ಕಲಿತ ಈ ಕ್ರಮವನ್ನೇ ಇಲ್ಲೂ ಬಳಸುತ್ತೇನೆ. ಬೇಕಾಗುವುದು ಒಂದು ಸಾಧಾರಣ ಮಲ್ಟಿಮೀಟರ್, ಒಂದು ಮೀಟರ್ ಉದ್ದದ ನೇರ ಹಳಿ, ಮತ್ತು ಸ್ವಲ್ಪ ತಾಳ್ಮೆ.

ಮೊದಲು ಏನು ಬದಲಾಗಿದೆ ಎಂದು ತಿಳಿದುಕೊಳ್ಳಿ. ಅನಲಾಗ್‌ನಲ್ಲಿ ಹಳಿಯ ಕರೆಂಟ್ ನೇರವಾಗಿ ಮೋಟಾರಿಗೆ ಹೋಗುತ್ತದೆ. ವೋಲ್ಟೇಜ್ ಏರಿದರೆ ವೇಗ ಏರುತ್ತದೆ, ಪ್ಲಸ್ ಮೈನಸ್ ಅದಲು ಬದಲಾದರೆ ರೈಲು ಹಿಂದಕ್ಕೆ ಹೋಗುತ್ತದೆ. ಡಿಸಿಸಿಯಲ್ಲಿ ಹಳಿಯ ಮೇಲೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಎಚ್‌ಒ ಅಳತೆಗೆ (ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಮಾಡೆಲ್) ಸುಮಾರು 14ರಿಂದ 16 ವೋಲ್ಟ್. ಅದರ ಪ್ಲಸ್ ಮೈನಸ್ ಸೆಕೆಂಡಿಗೆ ಸಾವಿರಾರು ಸಲ ತಿರುಗುತ್ತಿರುತ್ತದೆ. ತಿರುವು 58 ಮೈಕ್ರೊಸೆಕೆಂಡಿನದ್ದಾದರೆ ಅದು ಒಂದು, 100 ಅಥವಾ ಅದಕ್ಕಿಂತ ಉದ್ದವಾದರೆ ಸೊನ್ನೆ. ಹಳಿಯ ಮೇಲೆ ಕರೆಂಟೂ ಅದೇ, ಆದೇಶವೂ ಅದೇ. ಎಂಜಿನ್ನಿನೊಳಗಿನ ಡಿಕೋಡರ್ ಆದೇಶವನ್ನು ಓದಿ ಮೋಟಾರನ್ನು ತಾನೇ ನಡೆಸುತ್ತದೆ.

ಮುಂದೆ ಹೇಳುವುದೆಲ್ಲ ಇದರಿಂದಲೇ ಬರುತ್ತದೆ. ತಿರುವುಗಳನ್ನು ಮಸುಕು ಮಾಡುವ ಯಾವುದೂ ಹಳಿಯ ಮೇಲೆ ಇರಬಾರದು. ಮೋಟಾರಿಗೆ ಡಿಕೋಡರ್ ಬಿಟ್ಟು ಬೇರೇನೂ ತಾಗಬಾರದು. ಅರೆಕ್ಷಣದ ಶಾರ್ಟ್ ಕೂಡ ಇರಬಾರದು, ಏಕೆಂದರೆ ಬೂಸ್ಟರ್ (ಹಳಿಗೆ ಪವರ್ ಕೊಡುವ ಭಾಗ) ಅದನ್ನು ಕಂಡ ಕೂಡಲೇ ಕರೆಂಟ್ ಕಡಿಯುತ್ತದೆ.

ಎಂಜಿನ್ನೋ, ಹಳಿಯೋ?

ಆ ಒಂದು ಮೀಟರ್ ಹಳಿಯನ್ನು ಲೇಔಟಿನಿಂದ, ಅಂದರೆ ನೀವು ಜೋಡಿಸಿಟ್ಟ ಹಳಿಗಳಿಂದ, ದೂರ ಮೇಜಿನ ಮೇಲೆ ಇಡಿ. ಕಂಟ್ರೋಲರಿನ ಎರಡು ವೈರುಗಳನ್ನು ನೇರವಾಗಿ ಅದಕ್ಕೆ ಕೊಡಿ. ಎಂಜಿನ್ ಅಲ್ಲಿ ಚೆನ್ನಾಗಿ ಓಡಿದರೆ ತೊಂದರೆ ಲೇಔಟಿನಲ್ಲಿದೆ. ಅಲ್ಲೂ ಓಡದಿದ್ದರೆ ಎಂಜಿನ್ನಿನಲ್ಲಿ ಅಥವಾ ಸೆಟ್ಟಿಂಗಿನಲ್ಲಿದೆ. ಇಷ್ಟು ಗೊತ್ತಾಗುವ ತನಕ ಯಾವ ಸ್ಕ್ರೂ ಕೂಡ ಬಿಚ್ಚಬೇಡಿ.

ಲೇಔಟಿನಲ್ಲಿ ಉಳಿದ ಹಳೆಯ ಸಾಮಾನು

ಮೊದಲು ಕೆಪಾಸಿಟರ್. ಹಳಿಗೆ ಕರೆಂಟ್ ಕೊಡುವ ಅನಲಾಗ್ ಕ್ಲಿಪ್ಪಿನೊಳಗೆ ಹಲವು ಸಲ ಒಂದು ಪುಟ್ಟ ಬಿಲ್ಲೆ ಕೆಪಾಸಿಟರ್ ಇರುತ್ತದೆ. ರೇಡಿಯೊ, ಟಿವಿಗೆ ಗರಗರ ಸದ್ದು ಹೋಗದಿರಲಿ ಎಂದು ಹಾಕಿದ್ದು. ಡಿಸಿಸಿ ಸಿಗ್ನಲ್ಲಿನ ಚೂಪು ಅಂಚುಗಳನ್ನು ಅದು ಸವೆಸಿಬಿಡುತ್ತದೆ. ಎಂಜಿನ್ ಒಮ್ಮೆ ಮಾತು ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ ಅಂದರೆ ನಾನು ಮೊದಲು ಬಿಚ್ಚಿ ನೋಡುವುದು ಆ ಕ್ಲಿಪ್ಪನ್ನೇ. ಕೆಪಾಸಿಟರ್ ಕತ್ತರಿಸಿ ತೆಗೆಯಿರಿ.

ಹಳೆಯ ಕಂಟ್ರೋಲರನ್ನೂ ಪೂರ್ತಿ ಕಳಚಿ. ಒಂದು ಭಾಗ ಡಿಸಿ, ಇನ್ನೊಂದು ಭಾಗ ಡಿಸಿಸಿ ಇರಲಿ ಎಂದು ಕೆಲವರು ಸ್ವಿಚ್ ಹಾಕಿಕೊಳ್ಳುತ್ತಾರೆ. ನಾನು ಅದನ್ನು ಖಂಡಿತ ಒಪ್ಪುವುದಿಲ್ಲ. ಎಂಜಿನ್ ಆ ಗಡಿ ದಾಟುವಾಗ ಅದರ ಚಕ್ರಗಳೇ ಎರಡೂ ಕಡೆಯನ್ನು ಸೇರಿಸುತ್ತವೆ. ಆಗ ಎರಡು ಪವರ್ ಒಂದಕ್ಕೊಂದು ಎದುರಾಗಿ ಏನಾದರೂ ಸುಡಬಹುದು.

ಮುಂದಿನದು ಸೆಕ್ಷನ್ನುಗಳು. ಎರಡು ರೈಲು ಬೇರೆ ಬೇರೆ ಓಡಿಸಲು ಹಳಿಯನ್ನು ತುಂಡು ತುಂಡಾಗಿ ವೈರ್ ಮಾಡಿರುತ್ತೀರಿ. ಎಲ್ಲ ಸ್ವಿಚ್ಚನ್ನೂ ಆನ್ ಮಾಡಿದರೆ ಸಾಕು ಎಂದು ಹೇಳುವುದುಂಟು. ಸಾಕಾಗುವುದಿಲ್ಲ. ಅನಲಾಗ್‌ನಲ್ಲಿ ಒಂದು ಸೆಕ್ಷನ್ನಿನ ವೈರುಗಳು ಅದಲು ಬದಲಾಗಿದ್ದರೂ ಕಂಟ್ರೋಲರಿನ ರಿವರ್ಸ್ ಸ್ವಿಚ್ಚಿನಿಂದ ಕೆಲಸ ನಡೆಯುತ್ತಿತ್ತು. ಈಗ ಅದೇ ಜಾಗದಲ್ಲಿ ಎಂಜಿನ್ ಕಾಲಿಟ್ಟ ಕೂಡಲೇ ಟ್ರಿಪ್. ಪರೀಕ್ಷೆ ಸುಲಭ. ಮೀಟರನ್ನು ಎಸಿ ವೋಲ್ಟಿಗೆ ಹಾಕಿ. ಒಂದು ಕಡ್ಡಿಯನ್ನು ಈ ಸೆಕ್ಷನ್ನಿನ ಎಡ ಹಳಿಗೆ, ಇನ್ನೊಂದನ್ನು ಪಕ್ಕದ ಸೆಕ್ಷನ್ನಿನ ಎಡ ಹಳಿಗೆ ಮುಟ್ಟಿಸಿ. ಸೊನ್ನೆಯ ಹತ್ತಿರ ಬಂದರೆ ಸರಿ. ಪೂರ್ತಿ ವೋಲ್ಟೇಜ್ ತೋರಿಸಿದರೆ ಅಲ್ಲಿನ ಎರಡು ವೈರು ಬದಲಿಸಿ. ಸಾಧಾರಣ ಮೀಟರ್ ಡಿಸಿಸಿಯನ್ನು ನಿಖರವಾಗಿ ಅಳೆಯುವುದಿಲ್ಲ, ಆದರೆ ಹೋಲಿಸಿ ನೋಡಲು ಧಾರಾಳ ಸಾಕು.

ರೈಲು ಸುತ್ತಿ ಬಂದು ಅದೇ ಹಳಿಯನ್ನು ಎದುರಿನಿಂದ ಸೇರುವ ಲೂಪ್ ಇದ್ದರೆ ವೈರು ಬದಲಿಸಿ ಪ್ರಯೋಜನವಿಲ್ಲ. ಅಲ್ಲಿ ಎರಡೂ ತುದಿಯಲ್ಲಿ ಎರಡೂ ಹಳಿಗಳನ್ನು ಕಡಿದು, ಮಧ್ಯದ ಭಾಗಕ್ಕೆ ಪ್ಲಸ್ ಮೈನಸ್ ತಾನೇ ಬದಲಿಸುವ ಆಟೊ ರಿವರ್ಸರ್ ಕೊಡಬೇಕು. ಆ ಭಾಗ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದವಿರಲಿ.

ಪಾಯಿಂಟುಗಳು, ಅಂದರೆ ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗಗಳು, ಜನರನ್ನು ಬಹಳ ಸತಾಯಿಸುತ್ತವೆ. ಎರಡು ಹಳಿ ಸೇರುವ ಆ ಚೂಪು ಮೂಲೆಗೆ ಫ್ರಾಗ್ ಎನ್ನುತ್ತೇವೆ. ಪ್ಲಾಸ್ಟಿಕ್ ಫ್ರಾಗ್ ಇದ್ದರೆ, ಅದರ ತುದಿಯಲ್ಲಿ ಎರಡು ಹಳಿಗಳು ತೀರಾ ಹತ್ತಿರ ಬರುತ್ತವೆ. ಅಗಲ ಚಕ್ರ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಶಾರ್ಟ್. ಅನಲಾಗ್‌ನಲ್ಲಿ ಸಣ್ಣ ಕಿಡಿ ಹಾರಿ ಮುಗಿಯುತ್ತಿತ್ತು, ಯಾರೂ ಗಮನಿಸುತ್ತಿರಲಿಲ್ಲ. ಆ ತುದಿಗೆ ಕೆಲವು ಮಿಲಿಮೀಟರ್ ಉಗುರು ಬಣ್ಣ ಹಚ್ಚಿ ನೋಡಿ. ಟ್ರಿಪ್ ನಿಂತರೆ ಜಾಗ ಸಿಕ್ಕಿತು ಎಂದರ್ಥ. ಬಣ್ಣ ಸವೆಯುತ್ತದೆ, ಆಗಾಗ ಹಚ್ಚುತ್ತಿರಬೇಕು. ಲೋಹದ ಫ್ರಾಗ್ ಇದ್ದರೆ ಅದನ್ನು ಸುತ್ತಲಿನ ಹಳಿಗಳಿಂದ ಬೇರೆ ಮಾಡಿ, ಪಾಯಿಂಟ್ ಮೋಟಾರಿನ ಸ್ವಿಚ್ಚಿನಿಂದ ಅದಕ್ಕೆ ಕರೆಂಟ್ ಕೊಡಿ. ಬ್ಲೇಡಿನ (ಪಾಯಿಂಟಿನಲ್ಲಿ ಆಚೆ ಈಚೆ ಸರಿಯುವ ಹಳಿಯ) ಸ್ಪರ್ಶವನ್ನೇ ನಂಬಿ ಕೂರಬೇಡಿ. ಒಂದೇ ಎಂಜಿನ್ ಮಾತ್ರ ಪಾಯಿಂಟಿನಲ್ಲಿ ಟ್ರಿಪ್ ಮಾಡುತ್ತಿದ್ದರೆ, ಅದರ ಚಕ್ರಗಳ ಹಿಂಬದಿಗಳ ನಡುವಿನ ಅಂತರ ಅಳೆಯಿರಿ. ಎಚ್‌ಒ ಅಳತೆಗೆ ಅದು ಸುಮಾರು 14.4 ಮಿಲಿಮೀಟರ್ ಇರಬೇಕು.

ಕೊನೆಗೆ ನಾಣ್ಯದ ಪರೀಕ್ಷೆ. ಇದನ್ನು ಯಾರೂ ಬಿಡಬಾರದು ಎಂಬುದು ನನ್ನ ಕಳಕಳಿಯ ಮಾತು. ಪವರ್ ಆನ್ ಇರುವಾಗ ಒಂದು ನಾಣ್ಯವನ್ನು ಎರಡು ಹಳಿಗಳಿಗೂ ತಾಗುವಂತೆ ಇಡಿ. ಬೂಸ್ಟರ್ ತಕ್ಷಣ ಕರೆಂಟ್ ಕಡಿಯಬೇಕು. ಲೇಔಟಿನ ಉದ್ದಕ್ಕೂ, ಒಂದೊಂದು ಮೀಟರಿಗೆ ಒಮ್ಮೆ ಮಾಡಿ. ಎಲ್ಲಿ ಕಡಿಯುವುದಿಲ್ಲವೋ ಅಲ್ಲಿ ವೈರ್ ತೆಳ್ಳಗಿದೆ, ಇಲ್ಲವೇ ಹಳಿ ಸೇರಿಸುವ ಫಿಶ್‌ಪ್ಲೇಟ್ ಸಡಿಲವಾಗಿದೆ. ಅಂಥ ಜಾಗದಲ್ಲಿ ರೈಲು ಹಳಿ ತಪ್ಪಿ ಶಾರ್ಟ್ ಆದರೆ ಬೂಸ್ಟರಿಗೆ ಗೊತ್ತಾಗುವುದೇ ಇಲ್ಲ. ಹಲವು ಆಂಪಿಯರ್ ಹರಿಯುತ್ತಲೇ ಇರುತ್ತದೆ, ಬೋಗಿಯ ಪ್ಲಾಸ್ಟಿಕ್ ಕರಗುತ್ತದೆ. ಲೇಔಟಿನ ಕೆಳಗೆ ದಪ್ಪ ಬಸ್ ವೈರ್ (ಉದ್ದಕ್ಕೂ ಹೋಗುವ ಮುಖ್ಯ ವೈರ್) ಎಳೆಯಿರಿ. ಪ್ರತಿ ಹಳಿ ತುಂಡಿಗೂ ಅದರಿಂದ ಒಂದು ಸಣ್ಣ ವೈರ್ ಬೆಸುಗೆ ಹಾಕಿ.

ಎಂಜಿನ್ನಿನೊಳಗೆ

ಡಿಕೋಡರ್ ಹಾಕುವ ಮುಂಚೆ, ಮೋಟಾರಿಗೆ ಹೋಗುವ ಹಳೆಯ ವೈರುಗಳನ್ನು ಬಿಚ್ಚಿ, ಮೀಟರನ್ನು ಬೀಪ್ ಪರೀಕ್ಷೆಗೆ ಹಾಕಿ, ಅದರ ಒಂದು ಕಡ್ಡಿಯನ್ನು ಮೋಟಾರಿನ ಬ್ರಷ್ಷಿಗೆ ಮುಟ್ಟಿಸಿ, ಇನ್ನೊಂದನ್ನು ಚಾಸಿಗೆ, ಆಮೇಲೆ ಒಂದೊಂದೇ ಚಕ್ರಕ್ಕೆ. ಎರಡನೇ ಬ್ರಷ್ಷಿಗೂ ಹಾಗೇ ಮಾಡಿ. ಎಲ್ಲಿಯೂ ಬೀಪ್ ಬರಬಾರದು. ಬಂದ ಎಂಜಿನ್ನಿಗೆ ಡಿಕೋಡರ್ ಹಾಕಿದರೆ ಅದು ಸುಡುತ್ತದೆ. ನನ್ನ ಹತ್ತಿರ ಒಂದು ಭಾರದ ಕಪ್ಪು ಸ್ಟೀಮ್ ಎಂಜಿನ್ ಇದೆ. ಅದರ ಕೆಳಗಿನ ಬ್ರಷ್ಷಿನ ಸ್ಪ್ರಿಂಗ್ ನೇರ ಚಾಸಿನ ಮೇಲೆ ಕೂತಿತ್ತು. ಹಳೆಯ ಎಂಜಿನ್ನುಗಳಲ್ಲಿ ಒಂದು ಕಡೆಯ ಕರೆಂಟ್ ಚಾಸಿನಿಂದಲೇ ಬರುತ್ತಿದ್ದ ಕಾರಣ ಹಾಗೆ ಮಾಡುತ್ತಿದ್ದರು. ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು, ಮೋಟಾರ್ ಹಿಡಿದಿದ್ದ ಲೋಹದ ಸ್ಕ್ರೂ ತೆಗೆದು ನೈಲಾನ್ ಸ್ಕ್ರೂ ಹಾಕಿದೆ. ಬಾಡಿ ಮುಚ್ಚಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಸ್ಕ್ರೂ ಬಿಗಿ ಮಾಡುವಾಗ ವೈರ್ ಸಿಕ್ಕಿಹಾಕಿಕೊಳ್ಳುವುದುಂಟು.

ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತದೆ ಎಂದೂ ನೋಡಿ. 12 ವೋಲ್ಟ್ ಡಿಸಿ ಕೊಟ್ಟು ಚಕ್ರವನ್ನು ಒಂದು ಕ್ಷಣ ಮಾತ್ರ ಬೆರಳಿನಿಂದ ನಿಲ್ಲಿಸಿ ಮೀಟರ್ ಓದಿ. ಅದು ಡಿಕೋಡರಿನ ಮಿತಿಯೊಳಗಿರಲಿ. ಎಚ್‌ಒ ಡಿಕೋಡರುಗಳು ಸಾಮಾನ್ಯವಾಗಿ 1ರಿಂದ 1.5 ಆಂಪಿಯರ್ ತಾಳುತ್ತವೆ.

ವೈರಿನ ಬಣ್ಣಗಳು: ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ. ಕಿತ್ತಳೆ ಮತ್ತು ಬೂದು ಮೋಟಾರಿಗೆ. ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ, ನೀಲಿ ಎಲ್ಲ ದೀಪಗಳ ಪ್ಲಸ್. ಎಲ್‌ಇಡಿ ಆದರೆ 1 ಕಿಲೊ ಓಮ್ ರೆಸಿಸ್ಟರ್ ಬೇಕೇ ಬೇಕು. ಎಂಜಿನ್ ಉಲ್ಟಾ ಓಡಿ ದೀಪವೂ ಹತ್ತದಿದ್ದರೆ, ಡಿಕೋಡರಿನ 8 ಪಿನ್ನಿನ ಪ್ಲಗ್ ತಿರುಗುಮುರುಗಾಗಿ ಕೂತಿದೆ. ತಿರುಗಿಸಿ ಹಾಕಿ, ಅಷ್ಟೇ. ಡಿಕೋಡರಿಗೆ ಟೇಪ್ ಸುತ್ತಿ ಉಸಿರುಗಟ್ಟಿಸಬೇಡಿ, ಅದಕ್ಕೆ ಬಿಸಿ ಹೊರಹಾಕಲು ಜಾಗ ಬೇಕು.

ಸೆಟ್ಟಿಂಗು

ಹೊಸ ಎಂಜಿನ್ನನ್ನು ಮೊದಲು ಪ್ರೋಗ್ರಾಮಿಂಗ್ ಹಳಿಯ (ಡಿಕೋಡರಿನ ಸೆಟ್ಟಿಂಗ್ ಓದಿ ಬರೆಯಲು ಇರುವ ಬೇರೆ ಹಳಿಯ) ಮೇಲೇ ಇಡಿ. ಅಲ್ಲಿ ಕರೆಂಟ್ ಕಡಿಮೆ, ವೈರ್ ತಪ್ಪಿದ್ದರೂ ಡಿಕೋಡರ್ ಉಳಿಯುವ ಸಾಧ್ಯತೆ ಹೆಚ್ಚು. ಡಿಕೋಡರಿನ ಸೆಟ್ಟಿಂಗುಗಳಿಗೆ ಸಿವಿ ಎನ್ನುತ್ತಾರೆ, ಒಂದೊಂದಕ್ಕೂ ಒಂದು ಸಂಖ್ಯೆ. ಸಿವಿ 8 ಓದಿ. ಏನಾದರೂ ಸಂಖ್ಯೆ ಬಂದರೆ ಡಿಕೋಡರ್ ಜೀವಂತವಾಗಿದೆ. ಬರದಿದ್ದರೆ ಸತ್ತಿದೆ ಎಂದೇನೂ ಅಲ್ಲ. ಡಿಕೋಡರ್ ಉತ್ತರ ಕೊಡುವುದು ಸಾಮಾನ್ಯವಾಗಿ ಮೋಟಾರಿಗೆ ಕ್ಷಣಕಾಲ ಕರೆಂಟ್ ಹರಿಸಿ, ಸುಮಾರು 60 ಮಿಲಿಆಂಪಿಯರ್. ಚಕ್ರ ಕೊಳೆಯಾಗಿದ್ದರೆ, ಮೋಟಾರಿನ ವೈರ್ ಬಿಟ್ಟಿದ್ದರೆ ಆ ಉತ್ತರ ತಲುಪುವುದಿಲ್ಲ. ಚಕ್ರವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಮತ್ತೆ ಓದಿ.

ಹೊಸ ಡಿಕೋಡರಿನ ವಿಳಾಸ (ಕಂಟ್ರೋಲರ್ ಆ ಎಂಜಿನ್ನನ್ನು ಕರೆಯುವ ಸಂಖ್ಯೆ) 3. ಏನೋ ಗೊಂದಲವಾಗಿ ವಿಳಾಸವೇ ಸಿಗದಿದ್ದರೆ, ಬಹಳ ಕಂಪನಿಗಳ ಡಿಕೋಡರಿನಲ್ಲಿ ಸಿವಿ 8ಕ್ಕೆ 8 ಎಂದು ಬರೆದರೆ ಎಲ್ಲ ಮೊದಲಿನಂತಾಗುತ್ತದೆ. ವೇಗ ಏರಿಸಿದಂತೆ ದೀಪ ಹತ್ತಿ ಆರಿ ಮಾಡುತ್ತಿದ್ದರೆ, ಕಂಟ್ರೋಲರ್ ವೇಗದ 28 ಹಂತದಲ್ಲಿ, ಡಿಕೋಡರ್ 14 ಹಂತದಲ್ಲಿ ಇದೆ. ಪವರ್ ಹಾಕಿದ ಕೂಡಲೇ ಎಂಜಿನ್ ಪೂರ್ತಿ ವೇಗದಲ್ಲಿ ಓಡಿಹೋದರೆ, ಅದು ಹಳಿಯನ್ನು ಅನಲಾಗ್ ಎಂದುಕೊಂಡಿದೆ. ಎರಡಕ್ಕೂ ಮದ್ದು ಸಿವಿ 29ರಲ್ಲಿದೆ. ಸಣ್ಣ ವಿಳಾಸವಾದರೆ 2 ಬರೆಯಿರಿ, ಉದ್ದ ವಿಳಾಸವಾದರೆ 34. ಇದರಿಂದ 28 ಹಂತ ಆನ್ ಆಗುತ್ತದೆ, ಅನಲಾಗ್ ಓಟ ಬಂದ್ ಆಗುತ್ತದೆ.

ಡಿಕೋಡರ್ ಇಲ್ಲದ ಎಂಜಿನ್ನನ್ನು ಕೆಲವು ಕಂಟ್ರೋಲರುಗಳು ವಿಳಾಸ 0ಯಲ್ಲಿ ಓಡಿಸುತ್ತವೆ. ಓಡುತ್ತದೆ, ನಿಜ. ಆದರೆ ನಿಂತಾಗಲೂ ಮೋಟಾರ್ ಗುಂಯ್‌ಗುಡುತ್ತಾ ಬಿಸಿಯಾಗುತ್ತಿರುತ್ತದೆ. ಕೋರ್‌ಲೆಸ್ (ಸುರುಳಿಯೊಳಗೆ ಕಬ್ಬಿಣದ ತಿರುಳಿಲ್ಲದ) ಮೋಟಾರಂತೂ ಬೇಗ ಸುಟ್ಟುಹೋಗುತ್ತದೆ. ಅಂಥ ಎಂಜಿನ್ನನ್ನು ಡಿಕೋಡರ್ ಸಿಗುವ ತನಕ ಡಿಸಿಸಿ ಹಳಿಯಿಂದ ಕೆಳಗಿಳಿಸಿ ಇಡಿ.