ಕೇಸಿನ ಕಾಗದ ಬ್ಯಾಗಿನಲ್ಲಿ ಇಟ್ಟುಕೊಂಡೇ ಬಿ.ಕಾಂ. ಮುಗಿಸಿದೆ

2011ರಲ್ಲಿ ನನಗೆ 19 ವರ್ಷ. ಮಂಗಳೂರಿನ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಕಾಂ. ಓದುತ್ತಿದ್ದೆ. ಒಂದು ಭಾನುವಾರ ಊರಿನ ಮೈದಾನದಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಮುಗಿದ ಮೇಲೆ ಜಗಳವಾಯಿತು. ಕೈಯಲ್ಲಿದ್ದ ವಿಕೆಟಿನಿಂದ ಎದುರು ತಂಡದ ಹುಡುಗನ ತಲೆಗೆ ಹೊಡೆದೆ. ಏಳು ಹೊಲಿಗೆ ಬಿತ್ತು. ಹೊಡೆದದ್ದು ನಾನೇ. ಈಗಲೂ ಆ ಹುಡುಗನ ಅಮ್ಮನ ಕೂಗು ಕಿವಿಯಲ್ಲಿದೆ.

ಪೆಟ್ಟು ತಲೆಗೆ ಬಿದ್ದ ಕಾರಣ ಎಫ್‌ಐಆರ್‌ನಲ್ಲಿ ಐಪಿಸಿ 307, ಅಂದರೆ ಕೊಲೆ ಯತ್ನ, ಸೇರಿತು. 18 ದಿನ ಕೊಡಿಯಾಲ್‌ಬೈಲ್ ಜೈಲಿನಲ್ಲಿದ್ದೆ. ಅಮ್ಮ ಬೀಡಿ ಕಟ್ಟಿ ಕೂಡಿಸಿ ಮಾಡಿಸಿದ ಬಳೆ ಸೊಸೈಟಿಯಲ್ಲಿ ಅಡವಿಟ್ಟು ವಕೀಲರ ಫೀಸು ಕೊಟ್ಟರು. ಚಾರ್ಜ್‌ಶೀಟ್ ಹಾಕುವ ಹೊತ್ತಿಗೆ 307 ಹೋಗಿ 324 ಉಳಿದಿತ್ತು, ಆಯುಧದಿಂದ ಗಾಯ ಮಾಡಿದ್ದು. ಆಗ ನನಗೆ ಅದು ಬರೀ ನಂಬರು. ಆಮೇಲೆ ಪ್ರತಿ ಅರ್ಜಿ ತುಂಬುವಾಗಲೂ ಆ ವ್ಯತ್ಯಾಸವೇ ಕೈ ಹಿಡಿಯಿತು. ಎಫ್‌ಐಆರ್‌ನಲ್ಲಿ ಏನಿತ್ತು, ಚಾರ್ಜ್‌ಶೀಟಿನಲ್ಲಿ ಏನು ಉಳಿಯಿತು, ತೀರ್ಪಿನಲ್ಲಿ ಏನು ಸಾಬೀತಾಯಿತು, ಇವು ಮೂರೂ ಬೇರೆ ಬೇರೆ. ಊರಿನವರ ಬಾಯಲ್ಲಿ ನಾನು ಇವತ್ತಿಗೂ 'ಮರ್ಡರ್ ಕೇಸಿನವ'. ತೀರ್ಪಿನಲ್ಲಿ ಹಾಗಿಲ್ಲ.

2013ರಲ್ಲಿ ತೀರ್ಪು ಬರುವ ಮೊದಲು ಪರಿವೀಕ್ಷಣಾಧಿಕಾರಿ, ಅಂದರೆ ಮನೆ, ನಡತೆ ನೋಡಿ ಕೋರ್ಟಿಗೆ ವರದಿ ಕೊಡುವ ಪ್ರೊಬೇಷನ್ ಆಫೀಸರ್, ನಮ್ಮ ಮನೆಗೆ ಬಂದರು. ಅಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅವರು ಏನು ಕೇಳಿದರೂ ಅಮ್ಮನ ಕೈ ನಿಲ್ಲಲಿಲ್ಲ. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುತ್ತುವುದು, ನೂಲು ಕಟ್ಟುವುದು. "ಮಗ ಏನು ಮಾಡಬೇಕು ಅಂತಿದ್ದೀರಿ ಅಮ್ಮಾ?" ಅಂತ ಕೇಳಿದಾಗ ಮಾತ್ರ ತಲೆ ಎತ್ತಿದರು. "ಓದಬೇಕು ಸರ್. ಅಷ್ಟೇ." ಆ ಮಾತು ವರದಿಯಲ್ಲೂ ಇತ್ತು. ಮ್ಯಾಜಿಸ್ಟ್ರೇಟರು ನಾನು ತಪ್ಪಿತಸ್ಥ ಎಂದರು. ಆದರೆ ಜೈಲಿಗೆ ಕಳಿಸದೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಒಂದು ವರ್ಷದ ಸನ್ನಡತೆಯ ಬಾಂಡ್ ಬರೆಸಿಕೊಂಡು ಬಿಟ್ಟರು. ಗಾಯಗೊಂಡ ಹುಡುಗನಿಗೆ ಪರಿಹಾರ ಕೊಡಬೇಕೆಂದರು. ಅದನ್ನು ಮೂರು ಕಂತಿನಲ್ಲಿ ಕೊಟ್ಟೆವು.

ಅಷ್ಟರಲ್ಲಿ ಹಳೇ ಕಾಲೇಜು ನನ್ನ ಹೆಸರು ತೆಗೆದಾಗಿತ್ತು. ಟಿಸಿಯಲ್ಲಿ ನಡತೆಯ ಜಾಗ ಖಾಲಿ ಬಿಟ್ಟಿದ್ದರು. ಆ ಟಿಸಿ ಹಿಡಿದು ಎರಡು ಕಡೆ ಹೋದೆ. ಒಂದು ಕಡೆ ಸೀಟಿಲ್ಲ ಅಂದರು, ಇನ್ನೊಂದು ಕಡೆ ನಾಳೆ ಬನ್ನಿ ಅಂದರು. ಮೂರನೆಯದು ಸಂಜೆ ಕಾಲೇಜು. ಅಲ್ಲಿ ಪ್ರಿನ್ಸಿಪಾಲರ ಮುಂದೆ ಟಿಸಿಯ ಜೊತೆ ತೀರ್ಪಿನ ನಕಲನ್ನೂ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಹತ್ತು ನಿಮಿಷ ಓದಿದರು. "ಬಾಂಡ್ ಯಾವಾಗ ಮುಗಿಯುತ್ತದೆ?" ಅಂತ ಒಂದೇ ಪ್ರಶ್ನೆ. ಸೀಟು ಕೊಟ್ಟರು. ಹಗಲು ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲು ಬರೆಯುವುದು, ಸಂಜೆ ಕ್ಲಾಸು, ರಾತ್ರಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಕೊನೆಯ ಸಿಟಿ ಬಸ್ಸು. ಆರು ಸೆಮಿಸ್ಟರ್ ಹೀಗೇ ಹೋಯಿತು.

ನಡುವೆ ನಾನೊಂದು ದೊಡ್ಡ ತಪ್ಪು ಮಾಡಿದೆ. 2014ರಲ್ಲಿ ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ಅಂಗಡಿಗಿಂತ ಜಾಸ್ತಿ. ಅರ್ಜಿಯಲ್ಲಿ 'ನಿಮಗೆ ಯಾವುದಾದರೂ ಕೇಸಿನಲ್ಲಿ ಶಿಕ್ಷೆಯಾಗಿದೆಯೇ, ತಪ್ಪಿತಸ್ಥರೆಂದು ತೀರ್ಪಾಗಿದೆಯೇ' ಅಂತ ಇತ್ತು. 'ಇಲ್ಲ' ಅಂತ ಬರೆದೆ. ಏಳು ತಿಂಗಳಾದ ಮೇಲೆ ಪೊಲೀಸ್ ವೆರಿಫಿಕೇಶನ್ ವರದಿ ಬಂತು. ಮ್ಯಾನೇಜರ್ ಹೇಳಿದ್ದು ಇಷ್ಟೇ: "ಕೇಸಿಗಾಗಿ ಅಲ್ಲ, ನೀನು ಸುಳ್ಳು ಬರೆದೆಯಲ್ಲ, ಅದಕ್ಕೆ." ಅದೇ ದಿನ ಐಡಿ ಕಾರ್ಡ್ ವಾಪಸ್ ಕೊಟ್ಟು ಬಂದೆ. ಎರಡು ದಿನ ಮನೆಯಲ್ಲಿ ಹೇಳಲಿಲ್ಲ. ಬೆಳಿಗ್ಗೆ ಹೊರಟು ನೆಹರೂ ಮೈದಾನದಲ್ಲಿ ಕೂತಿರುತ್ತಿದ್ದೆ.

ಆಮೇಲೆ ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಮೊದಲೇ ಹೋಗಬೇಕಿತ್ತು. 15100 ಅಂತ ಅವರ ಉಚಿತ ಸಹಾಯವಾಣಿಯೂ ಇದೆ. ಅಲ್ಲಿನ ವಕೀಲರೊಬ್ಬರು ಪರಿವೀಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ತೆರೆದು ತೋರಿಸಿದರು. ಸೆಕ್ಷನ್ 3 ಅಥವಾ 4ರಲ್ಲಿ ಬಿಡುಗಡೆಯಾದವನಿಗೆ, ಆ ತೀರ್ಪಿನಿಂದ ಕಾನೂನು ಪ್ರಕಾರ ಬರುವ ಅನರ್ಹತೆ ತಟ್ಟುವುದಿಲ್ಲ. ನನಗೆ ಕುಣಿಯಬೇಕು ಅನ್ನಿಸಿತು. ಅವರು ತಡೆದರು. "ತೀರ್ಪು ಅಳಿಸಿ ಹೋಗಿಲ್ಲ ಮಾರಾಯ. ಯಾರಾದರೂ ಕೇಳಿದರೆ ಹೌದು ಅಂತಲೇ ಬರೆಯಬೇಕು. ಕೆಳಗೆ ಈ ಸೆಕ್ಷನ್ ಬರೆ, ನಕಲು ಲಗತ್ತಿಸು."

ಅವತ್ತಿನಿಂದ ಅರ್ಜಿಯ ಪ್ರಶ್ನೆಯನ್ನು ಎರಡು ಸಲ ಓದುತ್ತೇನೆ. 'ಬಂಧನವಾಗಿದೆಯೇ' ಅಂತ ಕೇಳಿದ್ದಾರಾ, 'ಕೇಸು ಬಾಕಿ ಇದೆಯೇ' ಅಂತಲಾ, 'ಶಿಕ್ಷೆಯಾಗಿದೆಯೇ' ಅಂತಲಾ? ಕೇಳಿದ್ದಕ್ಕೆ ನಿಜ ಬರೆಯುತ್ತೇನೆ. ಕೇಳದ ಕಡೆ ಕಥೆ ಹೇಳುವುದಿಲ್ಲ. ಸರ್ಕಾರಿ ಕೆಲಸಕ್ಕೆ ಹಿನ್ನೆಲೆಯ ವಿವರ ತುಂಬಿಕೊಡುವ ದೃಢೀಕರಣ ಪತ್ರದಲ್ಲಂತೂ ಈ ಎಚ್ಚರ ಬೇಕೇ ಬೇಕು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಅದೇ: ಮಾಹಿತಿ ನಿಜವಾಗಿರಬೇಕು, ಮುಚ್ಚಿಡಬಾರದು. ಹಾಗಂತ ನಿಜ ಬರೆದ ಕೂಡಲೇ ಕೆಲಸ ಕೊಡಲೇಬೇಕು ಅಂತಿಲ್ಲ. ಹಿನ್ನೆಲೆ ನೋಡಿ ತೀರ್ಮಾನಿಸುವ ಹಕ್ಕು ಕೆಲಸ ಕೊಡುವವರಿಗಿದೆ. ನನಗೂ ಎರಡು ಕಡೆ ಆಗುವುದಿಲ್ಲ ಅಂದಿದ್ದಾರೆ.

2016ರಲ್ಲಿ ಡಿಗ್ರಿ ಮುಗಿಯಿತು. ಹಂಪನಕಟ್ಟೆ ಹತ್ತಿರ ಒಬ್ಬರು ಆಡಿಟರ ಕಚೇರಿಗೆ ಹೋಗಿ ಕೂತ ಕೂಡಲೇ ಫೈಲು ತೆಗೆದೆ. "ಎಂತ ಕೇಸು ಮಾರಾಯ? ದುಡ್ಡಿನದ್ದಾ?" ಅಂದರು. ಅಲ್ಲ ಸರ್, ಹೊಡೆದಾಟ ಅಂದೆ. "ಮತ್ತೆ ಹೊಡೆದಿದ್ದೀಯಾ?" ಇಲ್ಲ ಸರ್. "ಸೋಮವಾರ ಬಾ." ಮರುವರ್ಷ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಬಂದರಿನ ವ್ಯಾಪಾರಿಗಳೆಲ್ಲ ಚೀಲ ತುಂಬಾ ಬಿಲ್ಲು ಹೊತ್ತು ಬಂದರು. ಅಂಗಡಿಯಲ್ಲಿ ಎರಡು ವರ್ಷ ಬಿಲ್ಲು ಬರೆದಿದ್ದೆನಲ್ಲ, ಅದು ಆಗ ಉಪಯೋಗಕ್ಕೆ ಬಂತು.

2019ರಲ್ಲಿ ಸ್ವಂತ ಹೆಸರಿನಲ್ಲಿ ಜಿಎಸ್‌ಟಿ ಪ್ರಾಕ್ಟೀಷನರ್, ಅಂದರೆ ವ್ಯಾಪಾರಿಗಳ ಪರವಾಗಿ ಜಿಎಸ್‌ಟಿ ರಿಟರ್ನ್ ಸಲ್ಲಿಸುವವನು, ಆಗಲು ಹೊರಟಾಗ ಮತ್ತೆ ಹೆದರಿಕೆ. ಆಡಿಟರ್ ಸರ್ ಬೈದರು: "ನಿಯಮ ಓದಿದ್ದೀಯಾ? ಸುಮ್ನೆ ಹೆದರಬೇಡ." ಜಿಎಸ್‌ಟಿಯ 83ನೇ ನಿಯಮ ಓದಿದೆ. ಕೋರ್ಟಿನಲ್ಲಿ ತಪ್ಪಿತಸ್ಥರೆಂದು ತೀರ್ಪಾದವರ ಬಗ್ಗೆ ಅದರಲ್ಲಿ ಒಂದು ಷರತ್ತಿತ್ತು. ಆದರೆ ಪರಿವೀಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಇತ್ತಲ್ಲ, ಅಂಥ ಅನರ್ಹತೆ ನನಗೆ ತಟ್ಟುವುದಿಲ್ಲ. ಪಿಸಿಟಿ-01 ಅರ್ಜಿ ತುಂಬಿದೆ. ನೋಂದಣಿಯ ಪ್ರಮಾಣಪತ್ರ, ಪಿಸಿಟಿ-02, ಬಂತು. ಸುಮಾರು ಆರು ವರ್ಷ 'ನನಗೆ ಆಗುವುದಿಲ್ಲ' ಅಂದುಕೊಂಡು ಬಿಟ್ಟ ಎಷ್ಟು ಕೆಲಸಗಳಿಗೆ ನಿಜವಾಗಿ ಅಡ್ಡಿಯೇ ಇರಲಿಲ್ಲವೋ ಅಂತ ಅವತ್ತು ಹೊಟ್ಟೆ ಉರಿಯಿತು.

ಈಗ ನನ್ನಂತೆ ಕೇಸಿರುವ ಹುಡುಗರು ಕೇಳಿಕೊಂಡು ಬರುತ್ತಾರೆ. ಜಾಸ್ತಿ ಜನಕ್ಕೆ ಗಲ್ಫ್ ಚಿಂತೆ. ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟಿಗೆ ಆ ಕೋರ್ಟಿನ ಅನುಮತಿ ತರಬೇಕು, 1993ರ ಅಧಿಸೂಚನೆಯಲ್ಲಿ ಅದಕ್ಕೆ ದಾರಿ ಇದೆ. 18 ತುಂಬುವ ಮೊದಲು ಆದದ್ದಾದರೆ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ನೋಡಿ ಅನ್ನುತ್ತೇನೆ. ಘೋರ ಅಪರಾಧದಲ್ಲಿ ದೊಡ್ಡವರಂತೆ ವಿಚಾರಣೆಯಾದ 16 ದಾಟಿದವರನ್ನು ಬಿಟ್ಟರೆ, ಮಕ್ಕಳಿಗೆ ಅನರ್ಹತೆ ಇಲ್ಲ.

ಮೊನ್ನೆ ಬೈಕಂಪಾಡಿಯಿಂದ ಒಬ್ಬ ಬಂದಿದ್ದ. ಐಟಿಐ ಸೇರಬೇಕಂತೆ. ತೀರ್ಪಿನ ನಕಲು ಇದೆಯಾ ಅಂದರೆ ಮೊಬೈಲಿನಲ್ಲಿ ಮಸುಕಾದ ಫೋಟೊ ತೋರಿಸಿದ. ಮರುದಿನ ಅವನನ್ನು ಕೋರ್ಟಿಗೆ ಕರೆದುಕೊಂಡು ಹೋಗಿ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿಸಿದೆ. ಎರಡು ಪ್ರತಿ ಕೇಳು ಅಂದೆ. ಒಂದು ಬ್ಯಾಗಿಗೆ, ಒಂದು ಅಮ್ಮನ ಕಪಾಟಿಗೆ.