ಇಂಗ್ಲಿಷಿನ ‘ಸಿಕ್ಸ್’ ನುಡಿಗಟ್ಟುಗಳನ್ನು ಕಲಿಯುವ ಬಗೆ

‘ಸಿಕ್ಸ್’ ಎಂದರೆ ಆರು ಎಂಬುದು ಎಲ್ಲರಿಗೂ ಗೊತ್ತು. ತೊಡಕಾಗುವುದು ಆ ಪದ ನುಡಿಗಟ್ಟಿನೊಳಗೆ ಹೊಕ್ಕಾಗ. ಮಂಡ್ಯದಲ್ಲಿ ನನ್ನ ಬಳಿ ಪಾಠಕ್ಕೆ ಬರುವ ಹುಡುಗರು ‘ಅಟ್ ಸಿಕ್ಸಸ್ ಅಂಡ್ ಸೆವೆನ್ಸ್’ ಎಂಬುದನ್ನು ಕಂಡೊಡನೆ ‘ಆರಕ್ಕೇರದೆ ಮೂರಕ್ಕಿಳಿಯದೆ’ ಎಂದು ಬರೆದುಬಿಡುತ್ತಾರೆ. ಎರಡರಲ್ಲೂ ಆರು ಇದೆ, ಅರ್ಥ ಮಾತ್ರ ಬೇರೆ. ನಮ್ಮ ಮಾತು ಇದ್ದಂತೆಯೇ ಇರುವ ಬದುಕನ್ನು ಕುರಿತದ್ದು. ಇಂಗ್ಲಿಷಿನದು ಗೊಂದಲವನ್ನು ಕುರಿತದ್ದು. ಮದುವೆಗೆ ಎರಡೇ ದಿನ ಉಳಿದಿದ್ದು, ಅಡುಗೆ ಭಟ್ಟರು ಇನ್ನೂ ಗೊತ್ತಾಗದೆ, ಶಾಮಿಯಾನದವರು ಬಾರದೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾದ ಮನೆಗೆ ಅದು ಸಲ್ಲುತ್ತದೆ. ಆದ್ದರಿಂದ ಮೊದಲು ಅಂಕಿಯನ್ನು ಬದಿಗಿಟ್ಟು ಸಂದರ್ಭವನ್ನು ಹಿಡಿಯಿರಿ. ಬಳಿಕ ನಿಮ್ಮ ಮನೆಯದೇ ಒಂದು ಪ್ರಸಂಗವನ್ನು ಆ ನುಡಿಗಟ್ಟಿನಲ್ಲಿ ಬರೆದುಕೊಳ್ಳಿ.

ಮೂಲದ ಕಥೆಗಳನ್ನು ನೆನಪಿಗಾಗಿ ಬಳಸಿಕೊಳ್ಳಬಹುದು, ಆದರೆ ಪರೀಕ್ಷಿಸಿ ನಂಬಬೇಕು. ಲಂಡನ್ನಿನ ದರ್ಜಿಗಳ ಸಂಘವೂ ತುಪ್ಪಳ ವ್ಯಾಪಾರಿಗಳ ಸಂಘವೂ ಊರಿನ ಸಂಘಗಳ ಹಿರಿತನದ ಸಾಲಿನಲ್ಲಿ ಆರನೆಯ ಸ್ಥಾನಕ್ಕಾಗಿ ಜಗಳವಾಡಿದ್ದವು. 1484ರ ತೀರ್ಪಿನಂತೆ ವರ್ಷಕ್ಕೊಮ್ಮೆ ಆರು, ಏಳನೆಯ ಸ್ಥಾನಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಸೊಗಸಾದ ಕಥೆಯೇ ಹೌದು. ಆದರೆ ಈ ಮಾತು 14ನೆಯ ಶತಮಾನದಲ್ಲೇ ಬಳಕೆಯಲ್ಲಿದ್ದುದರಿಂದ, ಅದು ದಾಳದಾಟದಿಂದ ಬಂದಿರಬೇಕೆಂಬ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆ.

ಆಮೇಲೆ ಪದಗಳ ಅಚ್ಚನ್ನು ಗಮನಿಸಿ. ಚೆಂಡು ನೆಲ ಮುಟ್ಟದೆ ಬೌಂಡರಿ ದಾಟಿ ಪಕ್ಕದ ಕಬ್ಬಿನ ಗದ್ದೆಗೆ ಬಿದ್ದರೆ ‘ಹಿಟ್ ಎ ಸಿಕ್ಸ್’ ಎನ್ನುತ್ತೇವೆ. ಕೆಟ್ಟ ಸುದ್ದಿಯೋ ಜ್ವರವೋ ಒಬ್ಬರನ್ನು ಕಂಗೆಡಿಸಿದರೆ ಬ್ರಿಟಿಷರು ‘ನಾಕ್ಡ್ ಫಾರ್ ಸಿಕ್ಸ್’ ಎನ್ನುತ್ತಾರೆ. ಎರಡನೆಯದರಲ್ಲಿ ‘ಎ’ ಇಲ್ಲ. ಗೆಲುವಿನ ಮಾತೆಂದು ಇದನ್ನು ಬಳಸುವವರು ಬಹಳ. ಇಲ್ಲಿ ನೀವು ಬ್ಯಾಟು ಹಿಡಿದವರಲ್ಲ, ಹೊಡೆಸಿಕೊಂಡ ಚೆಂಡು.

‘ಸಿಕ್ಸ್ ಆಫ್ ಒನ್ ಅಂಡ್ ಹಾಫ್ ಎ ಡಜನ್ ಆಫ್ ದಿ ಅದರ್’ ಸುಲಭ: ಅರ್ಧ ಡಜನ್ನೂ ಆರೇ. ಮೈಸೂರಿಗೆ ಬಸ್ಸೋ ರೈಲೋ ಎಂದಾಗ ಎರಡೂ ಒಂದೇ ಎನ್ನಲು ಬರುತ್ತದೆ; ಇಬ್ಬರ ಜಗಳದಲ್ಲಿ ತಪ್ಪು ಸಮಪಾಲು ಎನ್ನಲೂ ಬರುತ್ತದೆ.

‘ಡೀಪ್ ಸಿಕ್ಸ್’ ನಾವಿಕರ ಮಾತು, ಆರು ಫ್ಯಾದಮ್ ಆಳ ಎಂದು. ನೀರಿನ ಆಳ ಅಳೆಯುವ ಅವರ ಫ್ಯಾದಮ್ ಎಂಬುದು ಆರು ಅಡಿ, ಹೆಚ್ಚುಕಡಿಮೆ ನಮ್ಮ ಒಂದು ಮಾರು. ಆರು ಮಾರು ನೀರಿಗೆ ಎಸೆದದ್ದು ಮೇಲೆ ಬರುವುದಿಲ್ಲವಾದ್ದರಿಂದ, ಯೋಜನೆಯೊಂದನ್ನು ಪೂರ್ತಿ ಕೈಬಿಡುವುದಕ್ಕೆ ಈ ಮಾತನ್ನು ಆಡುತ್ತಾರೆ. ಹರಟೆಯಲ್ಲಿ ಬಳಸಿ, ಕಚೇರಿಯ ಪತ್ರದಲ್ಲಿ ಬೇಡ.